ಸಾಸಿವೆಯ ಸಾಮ್ಯ ಮತ್ತು ಎರಡು ಕಾಲಜ್ಞಾನಗಳು: ಮಲ್ಲಸಮುದ್ರದಿಂದ ಗುಳೇದಗುಡ್ಡಕ್ಕೆ

1. ಪ್ರಶ್ನೆ

ಬಾಸೆಲ್ ಮಿಶನ್ ಗುಳೇದಗುಡ್ಡದಲ್ಲಿ ತನ್ನ ಕೇಂದ್ರ ತೆರೆದದ್ದು 1851ರಲ್ಲಿ. ಅಲ್ಲಿ ಹುಟ್ಟಿದ ಕ್ರೈಸ್ತ ಸಭೆ ದೊಡ್ಡದಾಗಿ ಬೆಳೆಯಲಿಲ್ಲ, ಅಳಿದುಹೋಗಲೂ ಇಲ್ಲ. ಇವೆರಡರಲ್ಲಿ ಮೊದಲನೆಯದನ್ನಷ್ಟೇ ಇತಿಹಾಸಕಾರರು ವಿವರಿಸಲು ನೋಡಿದ್ದಾರೆ. ಬೆಳೆಯದಿರುವುದಕ್ಕೆ ಕಾರಣ ಹುಡುಕುವುದು ಸುಲಭ: ಜಾತಿಯ ಕಟ್ಟು, ಲಿಂಗಾಯತ ಮಠಗಳ ಪ್ರಭಾವ, ಪರದೇಶದ ಮಿಶನರಿಗಳ ಬಿಗಿ ಶಿಸ್ತು, ಕ್ಷಾಮ. ಬೆಳೆಯದೆಯೂ ಉಳಿದದ್ದು ಹೇಗೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿಲ್ಲ. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಕಷ್ಟದ, ಹೆಚ್ಚು ಫಲ ಕೊಡುವ ಪ್ರಶ್ನೆ.

ಇದು ಬರಿಯ ಪ್ರಾದೇಶಿಕ ಇತಿಹಾಸದ ವಿಷಯವಲ್ಲ. ಸಣ್ಣ ಆರಂಭಗಳ ಬಗ್ಗೆ ಕ್ರೈಸ್ತ ಚಿಂತನೆ ಸಾಮಾನ್ಯವಾಗಿ ಸಾಸಿವೆ ಕಾಳಿನ ಸಾಮ್ಯದ ಮೇಲೆ ನಿಲ್ಲುತ್ತದೆ. ಕಾಳು ಚಿಕ್ಕದು, ಗಿಡ ದೊಡ್ಡದು. ನಂಬಿಕೆಯೂ ಹಾಗೆಯೇ ಬೆಳೆಯುತ್ತದೆ ಎಂದು ನೂರಾರು ಪ್ರಸಂಗಗಳಲ್ಲಿ ಕೇಳಿದ್ದೇವೆ. ಈ ಓದಿಗೆ ಒಪ್ಪಿದರೆ ಗುಳೇದಗುಡ್ಡದ ಸಭೆ ಬೆಳೆಯದ ಕಾಳಾಗಿಬಿಡುತ್ತದೆ. ಆ ಓದು ಸುವಾರ್ತೆಯ ಪಠ್ಯಕ್ಕೂ ನಿಷ್ಠವಾಗಿಲ್ಲ, ನಮ್ಮ ನೆಲದ ಪುರಾವೆಗೂ ಹೊಂದುವುದಿಲ್ಲ ಎಂಬುದು ಈ ಲೇಖನದ ವಾದ.

2. ಈವರೆಗಿನ ಅಧ್ಯಯನಗಳು

ಒಪ್ಪಿತವಾದ ಸಂಗತಿಗಳನ್ನು ಚುಟುಕಾಗಿ ಹೇಳಿ ಮುಂದೆ ಹೋಗಬಹುದು. 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್, 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದ ಬಳಿಕ, 1834ರಲ್ಲಿ ಮಂಗಳೂರಿಗೆ ಬಂತು. ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಮೊದಲು ಬಂದವರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿ, ಹತ್ತು ವರ್ಷದ ನಂತರ ಗುಳೇದಗುಡ್ಡ: ಮಿಶನ್ ಒಳನಾಡಿಗೆ ಸರಿದ ಕ್ರಮ ಇದು.

ಕನ್ನಡದಲ್ಲಿ ಈ ಮಿಶನ್ನಿನ ಬಗ್ಗೆ ಬಂದ ಅಧ್ಯಯನಗಳ ಮುಖ್ಯ ಆಸಕ್ತಿ ಸಾಹಿತ್ಯಕ. ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ದಿಂದ ಮೊದಲ್ಗೊಂಡು ನಮ್ಮ ಗಮನ ಮುದ್ರಣ, ಪತ್ರಿಕೆ, ನಿಘಂಟು, ಗ್ರಂಥಸಂಪಾದನೆಗಳತ್ತ ಹರಿದಿದೆ. 1843ರ ‘ಮಂಗಳೂರ ಸಮಾಚಾರ’, ಹರ್ಮನ್ ಮೋಗ್ಲಿಂಗರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ, ಹುಬ್ಬಳ್ಳಿಯ ವ್ಯೂರ್ತ್ ಮಾಡಿದ ಬಸವಪುರಾಣದ ಇಂಗ್ಲಿಷ್ ಸಂಗ್ರಹಾನುವಾದ, 1894ರ ಕಿಟ್ಟೆಲ್ ನಿಘಂಟು ಇವೆಲ್ಲ ಕನ್ನಡದ ಆಸ್ತಿ. ಆದರೆ ಈ ಒಲವಿನಿಂದ ಒಂದು ಕೊರತೆಯೂ ಉಂಟಾಯಿತು. ಮಿಶನರಿ ನಮ್ಮ ಕಣ್ಣಿಗೆ ವಿದ್ವಾಂಸನಾಗಿ ಕಂಡ; ಅವನು ಯಾವುದಕ್ಕಾಗಿ ಬಂದನೋ ಆ ಸಭೆ ಮತ್ತು ಆ ಸಭೆಯ ಕನ್ನಡ ಜನ ಕಾಣಲಿಲ್ಲ.

ಸಭೆಯನ್ನೇ ನೋಡಿದವರು ಇನ್ನೊಂದು ತುದಿಗೆ ಹೋದರು. ಜೆ. ವಾಸ್ಕಮ್ ಪಿಕೆಟ್ 1933ರಲ್ಲಿ ಭಾರತದ ಸಾಮೂಹಿಕ ಮತಾಂತರ ಚಳವಳಿಗಳನ್ನು ಅಧ್ಯಯನ ಮಾಡಿದರು. ಅದೇ ಜಾಡಿನಲ್ಲಿ ಡೊನಾಲ್ಡ್ ಮೆಕ್‌ಗ್ಯಾವ್ರನ್ 1955ರ ತಮ್ಮ ‘ದಿ ಬ್ರಿಜಸ್ ಆಫ್ ಗಾಡ್’ ಕೃತಿಯಲ್ಲಿ ಸಭೆ ಬೆಳೆಯುವ ಎರಡು ಬಗೆಗಳನ್ನು ಬೇರ್ಪಡಿಸಿದರು. ಕುಲಬಾಂಧವ್ಯದ ದಾರಿಯಲ್ಲಿ ಇಡೀ ಸಮುದಾಯವೇ ಹೆಜ್ಜೆ ಹಾಕುವುದು ಒಂದು. ಮಿಶನ್ ಬಂಗಲೆಯ ಸುತ್ತ ತಮ್ಮವರಿಂದ ಬೇರೆಯಾದ ಒಬ್ಬೊಬ್ಬರನ್ನು ಕೂಡಿಸಿ ಕಟ್ಟುವುದು ಇನ್ನೊಂದು. ಎರಡನೆಯ ಬಗೆಯ ಸಭೆ ಸಣ್ಣದಾಗಿಯೇ ಉಳಿದು, ಮಿಶನ್ ಹಣಕ್ಕೆ ಅಂಟಿಕೊಂಡು, ಸುತ್ತಲಿನ ಸಮಾಜದಿಂದ ಕಡಿದುಹೋಗುತ್ತದೆ ಎಂಬುದು ಅವರ ನಿಲುವು. ನನ್ನ ಭಿನ್ನಾಭಿಪ್ರಾಯ ಮುಖ್ಯವಾಗಿ ಇವರೊಂದಿಗೆ. ಇತಿಹಾಸದ ಚರ್ಚೆಗೆ ಮೊದಲು ಪಠ್ಯದ ಚರ್ಚೆ ಅಗತ್ಯ. ಏಕೆಂದರೆ ಬೆಳವಣಿಗೆಯೇ ಜೀವದ ಗುರುತು ಎಂಬ ಅಳತೆಗೋಲು ಹುಟ್ಟಿದ್ದು ಸಾಸಿವೆ ಸಾಮ್ಯದ ಒಂದು ಓದಿನಿಂದ.

3. ಒಂದೇ ಕಾಳು, ಎರಡು ಮಾತು

ಸುವಾರ್ತೆಗಳಲ್ಲಿ ಸಾಸಿವೆ ಕಾಳು ಎರಡು ಬೇರೆ ಸಂದರ್ಭಗಳಲ್ಲಿ ಬರುತ್ತದೆ. ಮೊದಲನೆಯದು ದೇವರ ರಾಜ್ಯದ ಸಾಮ್ಯ: ಮಾರ್ಕ 4:30-32, ಮತ್ತಾಯ 13:31-32, ಲೂಕ 13:18-19. ಇಲ್ಲಿ ಕಾಳು ಗಿಡವಾಗುತ್ತದೆ, ಹಕ್ಕಿಗಳಿಗೆ ಆಸರೆಯಾಗುತ್ತದೆ. ಎರಡನೆಯದು ನಂಬಿಕೆಯ ಮಾತು: ಮತ್ತಾಯ 17:20, ಲೂಕ 17:5-6. ಇಲ್ಲಿ ಕಾಳು ಗಿಡವಾಗುವುದೇ ಇಲ್ಲ. ಲೂಕನಲ್ಲಿ ಅಪೊಸ್ತಲರು ನಂಬಿಕೆಯನ್ನು ಹೆಚ್ಚಿಸು ಎಂದು ಕೇಳುತ್ತಾರೆ. ಹೆಚ್ಚಿಸುತ್ತೇನೆಂದು ಯೇಸು ಹೇಳುವುದಿಲ್ಲ. ಕಾಳಿನಷ್ಟು ನಂಬಿಕೆಯಿದ್ದರೂ ಮರ ಬೇರುಸಹಿತ ಕಿತ್ತು ಸಮುದ್ರದಲ್ಲಿ ನೆಟ್ಟುಕೊಂಡೀತು ಎಂದು ಹೇಳಿ, ಪ್ರಶ್ನೆಯ ನೆಲೆಯನ್ನೇ ಬದಲಿಸುತ್ತಾನೆ. ಅವರು ಪ್ರಮಾಣ ಕೇಳಿದರು, ಅವನು ಸಾಕೆಂದ.

ಪ್ರಸಂಗಪೀಠಗಳಲ್ಲಿ ಈ ಎರಡು ಮಾತುಗಳು ಬೆಸೆದುಹೋಗಿವೆ. ಮೊದಲನೆಯದರ ಬೆಳವಣಿಗೆಯನ್ನು ಎರಡನೆಯದರ ನಂಬಿಕೆಗೆ ಹಚ್ಚಿ, ನಂಬಿಕೆ ಕಾಳಿನಂತೆ ಬೆಳೆಯಬೇಕು ಎಂಬ ಮೂರನೆಯ ಮಾತನ್ನು ನಾವೇ ಕಟ್ಟಿಕೊಂಡೆವು. ಭಕ್ತನ ಬದುಕಿಗೆ ಅದು ಪ್ರೇರಣೆ ಕೊಟ್ಟಿರಬಹುದು. ಸಭೆಯ ಇತಿಹಾಸಕ್ಕೆ ಅಳತೆಗೋಲಾದಾಗ ಅದು ಅನ್ಯಾಯ ಮಾಡುತ್ತದೆ: ಎಣಿಕೆಯಲ್ಲಿ ಬೆಳೆಯದ ಸಭೆ ನಂಬಿಕೆಯಲ್ಲೂ ಬೆಳೆಯದ ಸಭೆಯೆಂದು ತೀರ್ಪು ಬರುತ್ತದೆ.

ರಾಜ್ಯದ ಸಾಮ್ಯವಾದರೂ ಬೆಳವಣಿಗೆಯದ್ದೇ? ಇಪ್ಪತ್ತನೆಯ ಶತಮಾನದ ಪಂಡಿತರಲ್ಲಿ ಇದು ದೊಡ್ಡ ವಿವಾದ. ಸಿ. ಎಚ್. ಡಾಡ್ 1935ರಲ್ಲಿ ಇವನ್ನು ಸುಗ್ಗಿಯ ಸಾಮ್ಯಗಳೆಂದರು: ಯೇಸುವಿನ ಬರವಿನೊಂದಿಗೆ ಕೊಯ್ಲಿನ ಕಾಲ ಬಂದೇಬಿಟ್ಟಿದೆ, ಬೆಳವಣಿಗೆ ಅದಕ್ಕೆ ಹಿಂದಿನದು. ಯೋಆಕಿಮ್ ಯೆರೆಮಿಯಾಸ್ 1947ರ ಕೃತಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು ಇವನ್ನು ವೈದೃಶ್ಯದ ಸಾಮ್ಯಗಳೆಂದು ಕರೆದರು. ಅವರ ಪ್ರಕಾರ ಇಲ್ಲಿರುವುದು ಮೊದಲು ಮತ್ತು ಕೊನೆ ಮಾತ್ರ. ನಡುವಿನ ನಿಧಾನದ ಪ್ರಕ್ರಿಯೆ ಆಧುನಿಕ ಮನಸ್ಸು ತುಂಬಿದ್ದು. ಪ್ರಾಚೀನ ಪೌರಸ್ತ್ಯನಿಗೆ ಸತ್ತಂತಿರುವ ಕಾಳು ಒಂದು ನೋಟ, ತುಂಬಿದ ಹೊಲ ಇನ್ನೊಂದು ನೋಟ, ನಡುವೆ ಇರುವುದು ದೇವರ ಪವಾಡ. ನಿಲ್ಸ್ ಡಾಲ್ 1951ರಲ್ಲಿ ಇದಕ್ಕೆ ಉತ್ತರವಾಗಿ, ಜೈವಿಕ ಬೆಳವಣಿಗೆಯ ಅರಿವು ಆ ಕಾಲದ ಜನಕ್ಕೂ ಇತ್ತು ಎಂದು ವಾದಿಸಿದರು.

ಯೆರೆಮಿಯಾಸ್ ಹೇಳಿದ್ದರಲ್ಲಿ ಬಹುಪಾಲು ಒಪ್ಪಬೇಕಾದದ್ದು. ಯೆಹೆಜ್ಕೇಲನ 17ನೆಯ ಅಧ್ಯಾಯದಲ್ಲಿ ದೇವರು ಎತ್ತರದ ಬೆಟ್ಟದ ಮೇಲೆ ನೆಡುವ ದೇವದಾರು, ದಾನಿಯೇಲನ 4ನೆಯ ಅಧ್ಯಾಯದ ಆಕಾಶ ಮುಟ್ಟುವ ಮರ, ಎರಡರಲ್ಲೂ ಹಕ್ಕಿಗಳು ನೆರಳಿಗೆ ಬರುತ್ತವೆ. ರಾಜ್ಯವೆಂದರೆ ಮಹಾವೃಕ್ಷ ಎಂಬುದು ಕೇಳುಗರಿಗೆ ಗೊತ್ತಿದ್ದ ರೂಪಕ. ಅಲ್ಲಿಗೆ ದೇವದಾರಿನ ಬದಲು ಒಂದು ವರ್ಷ ಬಾಳುವ ಹಿತ್ತಲ ಗಿಡವನ್ನು ತರುವುದೇ ಒಂದು ತಿದ್ದುಪಡಿ. ಮಾರ್ಕನು ಇದನ್ನು ಗಿಡಗಳಲ್ಲಿ ದೊಡ್ಡದು ಎನ್ನುತ್ತಾನೆ. ಮತ್ತಾಯ, ಲೂಕರಲ್ಲಿ ಅದು ಮರವೇ ಆಗಿದೆ. ದೊಡ್ಡದಾಗಿಸುವ ಒಲವು ಸುವಾರ್ತೆಗಳ ಕಾಲದಿಂದಲೇ ಇದೆ ಎನ್ನಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ. ಮಾರ್ಕನ ರೂಪವೇ ಹಳೆಯದಾಗಿದ್ದರೆ, ಸಾಮ್ಯದ ಕೊನೆಯಲ್ಲೂ ಸಿಗುವುದು ಸಾಧಾರಣ ಎತ್ತರದ ಗಿಡ. ಅದಕ್ಕೂ ಹಕ್ಕಿಗೆ ನೆರಳು ಕೊಡುವ ಶಕ್ತಿಯಿದೆ.

ಆದರೆ ನಡುವಿನ ಕಾಲವನ್ನು ಯೆರೆಮಿಯಾಸ್ ಪೂರ್ತಿ ಅಳಿಸಿಹಾಕಿದ್ದನ್ನು ಒಪ್ಪಲಾಗದು. ಸಾಸಿವೆಗೆ ಮೊದಲೇ, ಮಾರ್ಕನಲ್ಲಿ ಮಾತ್ರ ಇರುವ ಇನ್ನೊಂದು ಸಾಮ್ಯವಿದೆ (4:26-29). ರೈತ ಬಿತ್ತುತ್ತಾನೆ, ಮಲಗುತ್ತಾನೆ, ಏಳುತ್ತಾನೆ. ಬೀಜ ಅವನಿಗೆ ತಿಳಿಯದಂತೆ ಬೆಳೆಯುತ್ತದೆ. ಭೂಮಿ ತಾನಾಗಿ ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು ಕೊಡುತ್ತದೆ. ನಡುವಿನ ಹಂತಗಳನ್ನು ಪಠ್ಯವೇ ಎಣಿಸಿ ಹೇಳುವಾಗ ಅವು ಆಧುನಿಕರ ಕಲ್ಪನೆ ಎನ್ನುವುದು ಹೇಗೆ?

ಹುನಗುಂದ, ಬಾಗಲಕೋಟೆ ಸೀಮೆಯ ಯರಿ ಹೊಲದ ರೈತನಿಗೆ ಈ ಸಾಮ್ಯವನ್ನು ಬಿಡಿಸಿ ಹೇಳಬೇಕಿಲ್ಲ. ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲ ಇದು. ಹಿಂಗಾರಿ ಜೋಳ ಬಿತ್ತುವುದು ಮಳೆಗಾಲ ಮುಗಿಯುತ್ತ ಬಂದಾಗ. ಆಮೇಲೆ ಮೋಡದ ಕಡೆ ನೋಡಿ ಹೆಚ್ಚೇನೂ ಸಿಗದು. ಕರಿಮಣ್ಣು ಒಳಗೆ ಹಿಡಿದಿಟ್ಟ ಹಸಿ, ಮಾಗಿಯ ಮಂಜು, ಇಷ್ಟರಲ್ಲೇ ಬೆಳೆ ಬರಬೇಕು. ರೈತ ಗರಿಯನ್ನೂ ನೋಡುತ್ತಾನೆ, ಸೀತನಿಯನ್ನೂ ಸುಟ್ಟು ತಿನ್ನುತ್ತಾನೆ. ಹಂತಗಳು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಬೆಳೆಸುವುದು ತಾನಲ್ಲ ಎಂಬುದೂ ಅವನಿಗೆ ಗೊತ್ತು. ಹಂತಗಳ ಅರಿವು ಮತ್ತು ಹಿಡಿತವಿಲ್ಲದಿರುವಿಕೆ ಒಟ್ಟಿಗೆ ಇರಬಲ್ಲವು. ಯೆರೆಮಿಯಾಸ್ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕೆಂದು ಭಾವಿಸಿದರು. ಮಾರ್ಕನ ಸಾಮ್ಯ ಎರಡನ್ನೂ ಹಿಡಿದಿದೆ.

ಆದ್ದರಿಂದ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಇಡೋಣ. ಮೊದಲು ಮತ್ತು ಕೊನೆಯ ನಡುವೆ ಅಂತರವಿದೆ. ಆ ಅಂತರದಲ್ಲಿ ಕಾಲ ಕಳೆಯುತ್ತದೆ. ಆ ಕಾಲ ಬಿತ್ತಿದವನ ಲೆಕ್ಕಕ್ಕೆ ಸಿಗುವುದಿಲ್ಲ. ಮಿಶನ್ನಿನ ಇತಿಹಾಸದಲ್ಲಿ ತಪ್ಪುಗಳಾದದ್ದು ಈ ಮೂರನೆಯದನ್ನು ಮರೆತಾಗ.

4. ಮಲ್ಲಸಮುದ್ರ: ಕಾಯುವವರ ಭೇಟಿ

ಲೇಖನದ ವಿವಾದಾಸ್ಪದ ಭಾಗ ಇದು. 1840ರ ಸುಮಾರಿಗೆ ಹುಬ್ಬಳ್ಳಿ ಸುತ್ತಿನ ಹಳ್ಳಿಗಳಿಂದ ಮಿಶನರಿಗಳ ಬಳಿಗೆ ಕೆಲವರು ಬಂದರು. ಮಿಶನ್ ವರದಿಗಳು ಅವರನ್ನು ‘ಕಾಲಜ್ಞಾನ’ದ ಜನ ಎಂದು ಕರೆಯುತ್ತವೆ. ಬರಲಿರುವ ಕಾಲದ ಬಗ್ಗೆ ತಮ್ಮ ಗುರುಗಳು ನುಡಿದದ್ದು ಈ ಪರದೇಶಿ ಬೋಧಕರಲ್ಲಿ ನಿಜವಾಗುತ್ತಿದೆಯೇ ಎಂದು ತಿಳಿಯುವುದು ಅವರ ಅಪೇಕ್ಷೆ. ಮೋಗ್ಲಿಂಗ್ ಇದರಲ್ಲಿ ದೊಡ್ಡ ಅವಕಾಶ ಕಂಡರು. ಇವರೆಲ್ಲ ಒಟ್ಟಾಗಿ ನೆಲೆಸಲು ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಒಂದು ಕ್ರೈಸ್ತ ಗ್ರಾಮ ಕಟ್ಟುವ ಯೋಜನೆ ಹಾಕಿದರು, ಕೆಲಸವೂ ಶುರುವಾಯಿತು. ಬರುತ್ತಾರೆಂದು ಕಾದ ಗುಂಪುಗಳು ಬರಲಿಲ್ಲ. ಕೃಷಿ ವಸಾಹತು ನಿಲ್ಲಲಿಲ್ಲ.

ಸಾಮಾನ್ಯ ಬರವಣಿಗೆಯಲ್ಲಿ ಇದು ಮೋಗ್ಲಿಂಗರ ಭಾವಾವೇಶದ ಅಧ್ಯಾಯ. ಮೆಕ್‌ಗ್ಯಾವ್ರನ್ನರ ವಾದವನ್ನು ಇಲ್ಲಿಗೆ ಅನ್ವಯಿಸಿದರೆ ತೀರ್ಪು ಬೇರೆಯಾಗುತ್ತದೆ: ತಾನಾಗಿ ಬಂದ ಸಮುದಾಯದ ಸೇತುವೆಯನ್ನು ಮಿಶನ್ ಬಳಸಿಕೊಳ್ಳದೆ, ಅವರನ್ನು ಅವರ ಹಳ್ಳಿಗಳಿಂದ ಕಿತ್ತು ಒಂದೆಡೆ ಕೂಡಿಸಲು ಹೋಗಿ ಕಳೆದುಕೊಂಡಿತು. ಈ ತೀರ್ಪಿನಲ್ಲಿ ಸತ್ಯಾಂಶವಿದೆ. ಊರು ಬಿಟ್ಟು ಬಾ ಎನ್ನುವುದು ಸಣ್ಣ ಕೇಳಿಕೆಯಲ್ಲ. ಆದರೆ ಎರಡೂ ವಿವರಣೆಗಳು ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ: ಕಾಲಜ್ಞಾನದ ಮಾತು ಮಿಶನರಿಯ ಕಿವಿಗೆ ಅಷ್ಟು ಬೇಗ ನಂಬಿಕೆಗೆ ಯೋಗ್ಯವಾಗಿ ಕೇಳಿಸಿದ್ದೇಕೆ?

ನನ್ನ ಸೂಚನೆ ಹೀಗಿದೆ: ಮಿಶನರಿಯ ಬಳಿಯೂ ಒಂದು ಕಾಲಜ್ಞಾನವಿತ್ತು.

ಮೋಗ್ಲಿಂಗ್ 1811ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗಿನಲ್ಲಿ ಹುಟ್ಟಿದವರು. ಬಾಸೆಲ್ ಮಿಶನ್ನಿಗೆ ಜನ, ಹಣ ಎರಡೂ ಹೆಚ್ಚಾಗಿ ಬಂದದ್ದು ಆ ಸೀಮೆಯಿಂದ. ಅಲ್ಲಿನ ಪಿಯೆಟಿಸ್ಟ್ ಭಕ್ತಿಪಂಥದ ಮಹಾಪಂಡಿತ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687-1752) ಪ್ರಕಟನೆ ಗ್ರಂಥದ ಲೆಕ್ಕ ಹಾಕಿ, ಹೊಸ ಯುಗ 1836ರಲ್ಲಿ ತೊಡಗುವುದೆಂದು ಹೇಳಿದ್ದರು. ಇದು ಪಂಡಿತರ ಕೋಣೆಯಲ್ಲೇ ಉಳಿಯಲಿಲ್ಲ. 1817ರ ಹೊತ್ತಿಗೆ ಸಾವಿರಾರು ವ್ಯುರ್ಟೆಂಬರ್ಗಿಗರು ಈ ನಿರೀಕ್ಷೆಯಲ್ಲಿ, ಬರಗಾಲದ ಬವಣೆಯೂ ಸೇರಿ, ದಕ್ಷಿಣ ರಷ್ಯಾ ಮತ್ತು ಕಾಕಸಸ್ ಕಡೆ ವಲಸೆ ಹೋದರು. ಆ ವಲಸೆ ತಡೆಯಲು ಗೊಟ್ಲೀಬ್ ವಿಲ್‌ಹೆಲ್ಮ್ ಹೋಫ್‌ಮಾನ್ 1819ರಲ್ಲಿ ಕೋರ್ನ್‌ಟಾಲ್ ಎಂಬಲ್ಲಿ ಭಕ್ತರ ಒಂದು ಸ್ವತಂತ್ರ ಗ್ರಾಮ ಕಟ್ಟಿದರು. ಅವರ ಮಗ ವಿಲ್‌ಹೆಲ್ಮ್ ಹೋಫ್‌ಮಾನ್ 1839ರಿಂದ 1850ರವರೆಗೆ, ಅಂದರೆ ಮಲ್ಲಸಮುದ್ರದ ಪ್ರಯತ್ನ ನಡೆದ ವರ್ಷಗಳಲ್ಲೇ, ಬಾಸೆಲ್ ಮಿಶನ್ನಿನ ಮುಖ್ಯಾಧಿಕಾರಿಯಾಗಿದ್ದರು. ಇನ್ನೊಬ್ಬ ಮಗ ಕ್ರಿಸ್ಟೋಫ್ ಮುಂದೆ ಟೆಂಪಲ್ ಸೊಸೈಟಿ ಕಟ್ಟಿ, 1868ರಿಂದ ಪ್ಯಾಲೆಸ್ಟೈನಿನಲ್ಲಿ ದೇವಜನರ ವಸಾಹತುಗಳನ್ನು ಸ್ಥಾಪಿಸಿದರು.

ಕಾಲಜ್ಞಾನದ ಕನ್ನಡ ಪರಂಪರೆಯ ಒಡಲನ್ನೂ ನೋಡಬೇಕು. ಕೊಡೇಕಲ್ಲ ಬಸವಣ್ಣನ ಪರಂಪರೆ ಮೊದಲಾದವುಗಳ ಕಾಲಜ್ಞಾನ ವಚನಗಳಲ್ಲಿ ವೀರವಸಂತರಾಯನ ಬರವು, ಹಾಳಾದ ಕಲ್ಯಾಣ ಮತ್ತೆ ನೆಲೆಗೊಳ್ಳುವುದು, ಕುಲಭೇದ ಅಳಿಯುವುದು ಇಂಥ ನಿರೀಕ್ಷೆಗಳಿವೆ. ಒಂದು ಕಡೆ ಕಲ್ಯಾಣವನ್ನು ಕಾಯುವ ಜನ; ಇನ್ನೊಂದು ಕಡೆ ಹೊಸ ಯೆರೂಸಲೇಮನ್ನು ಕಾಯುವ ಮನೆತನಗಳಿಂದ ಬಂದ ಮಿಶನರಿಗಳು. ಒಬ್ಬರ ಮಾತು ಇನ್ನೊಬ್ಬರಿಗೆ ಪರಿಚಿತವಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಮಲ್ಲಸಮುದ್ರವನ್ನು ಈ ಎರಡು ಕಾಯುವಿಕೆಗಳು ಕೂಡಿದ ಜಾಗವೆಂದು ಓದಬಹುದು.

ಈ ಸೂಚನೆಗೆ ನಾಲ್ಕು ಮಿತಿಗಳನ್ನು ನಾನೇ ಹಾಕಬೇಕು. ಒಂದು: ಬೆಂಗೆಲರ ಗಡುವು ಮತ್ತು ಮೋಗ್ಲಿಂಗ್ ಭಾರತಕ್ಕೆ ಬಂದ ವರ್ಷ ಎರಡೂ 1836 ಆಗಿರುವುದು ಕಾಕತಾಳೀಯ, ಅದನ್ನು ಪುರಾವೆಯಾಗಿ ಬಳಸುತ್ತಿಲ್ಲ. ಎರಡು: 1836 ಏನೂ ಆಗದೆ ಕಳೆದುಹೋದ ಮೇಲೆ ಬೆಂಗೆಲರ ಲೆಕ್ಕವನ್ನು ಅಕ್ಷರಶಃ ನಂಬಿದವರು ಕಡಿಮೆಯಾದರು. ಉಳಿದದ್ದು ತಾರೀಕಲ್ಲ, ಕಾಯುವ ಮನಸ್ಸು. ನನ್ನ ವಾದ ಆ ಮನಸ್ಸಿನ ಬಗ್ಗೆ ಮಾತ್ರ. ಮೂರು: ಕ್ರೈಸ್ತ ಗ್ರಾಮ ಕಟ್ಟುವುದಕ್ಕೆ ಪ್ರಾಯೋಗಿಕ ಕಾರಣಗಳೂ ಇದ್ದವು. ದೀಕ್ಷಾಸ್ನಾನ ಪಡೆದವನಿಗೆ ಮನೆ, ಹೊಲ, ಕೆಲಸ ತಪ್ಪುತ್ತಿದ್ದ ಕಾಲ ಅದು. ಕೋರ್ನ್‌ಟಾಲಿನ ಮಾದರಿ ಕಣ್ಣ ಮುಂದಿದ್ದರೂ ಅದೊಂದೇ ಕಾರಣವೆಂದು ಹೇಳಲಾಗದು. ನಾಲ್ಕು: ಹುಬ್ಬಳ್ಳಿಯ ಸುತ್ತಿನ ಆ ಜನ ಕೊಡೇಕಲ್ಲಿನ ಪರಂಪರೆಗೇ ಸೇರಿದವರು ಎಂದು ನಾನು ಹೇಳುತ್ತಿಲ್ಲ, ಕಾಲಜ್ಞಾನದ ಸಾಮಾನ್ಯ ಲೋಕದೃಷ್ಟಿಯನ್ನು ತೋರಿಸಲು ಅದನ್ನು ಎತ್ತಿಕೊಂಡಿದ್ದೇನೆ.

ಇಷ್ಟು ಮಿತಿ ಹಾಕಿದ ಮೇಲೂ ಒಂದು ಮಾತು ಉಳಿಯುತ್ತದೆ. ಮಲ್ಲಸಮುದ್ರದ ಯೋಜನೆಯಲ್ಲಿ ಬೀಜಕ್ಕೆ ಜಾಗವಿರಲಿಲ್ಲ, ಮರಕ್ಕೆ ಮಾತ್ರ ಇತ್ತು. ಹಳ್ಳಿಗಟ್ಟಲೆ ಜನ ಒಮ್ಮೆಲೇ ಬಂದು ನೆರಳಲ್ಲಿ ಕೂಡುವ ಕೊನೆಯ ನೋಟದಿಂದಲೇ ಅದು ಶುರುವಾಯಿತು. ಯೆರೆಮಿಯಾಸ್ ಹೇಳುವ ವೈದೃಶ್ಯವನ್ನು ನಡುಗಾಲವಿಲ್ಲದೆ ಓದಿದಂತಿತ್ತು ಅದು. ಸೋತದ್ದು ಕಾಲವನ್ನು ತನ್ನ ಲೆಕ್ಕಕ್ಕೆ ತೆಗೆದುಕೊಂಡ ಒಂದು ಬಗೆಯ ನಿರೀಕ್ಷೆ. ಅದನ್ನು ಸಣ್ಣ ಆರಂಭದ ಸೋಲೆಂದು ಬರೆಯುವುದು ಸರಿಯಲ್ಲ, ಏಕೆಂದರೆ ಅದು ಸಣ್ಣದಾಗಿ ಆರಂಭವಾಗಲೇ ಇಲ್ಲ. ಮೋಗ್ಲಿಂಗ್ ಮುಂದೆ ಕೊಡಗಿನಲ್ಲಿ ಆನಂದಪುರ ಕಟ್ಟಿದರು. ಆ ಊರಿನ ಕಥೆ ಬೇರೆ. ವಸಾಹತಿನ ಕನಸು ಅವರನ್ನು ಬಿಟ್ಟಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

5. ಗುಳೇದಗುಡ್ಡ: ಎಣಿಕೆಯ ಆಚೆ

ಗುಳೇದಗುಡ್ಡದ ಕೇಂದ್ರ ತೆರೆದದ್ದು ಮಲ್ಲಸಮುದ್ರದ ಕನಸು ಕರಗಿದ ಮೇಲೆ. ಬಾದಾಮಿಯ ಈಶಾನ್ಯಕ್ಕೆ, ಗುಡ್ಡಗಳ ನಡುವಿನ ಈ ಊರು ಖಣದ ಊರು. ಕುಣಿಮಗ್ಗದ ಸದ್ದೇ ಅದರ ಆರ್ಥಿಕತೆ. ಇಲ್ಲಿ ಯಾರೂ ಭವಿಷ್ಯವಾಣಿಯ ನೆರವೇರಿಕೆಯನ್ನು ಘೋಷಿಸಲಿಲ್ಲ. ಶಾಲೆ, ಸಂತೆಯಲ್ಲಿ ಬೋಧೆ, ಮನೆಭೇಟಿ, ಉಪದೇಶಿಗಳ ತಿರುಗಾಟ, ಒಂದೊಂದು ಕುಟುಂಬದ ದೀಕ್ಷಾಸ್ನಾನ ಇವೇ ಅಲ್ಲಿನ ಇತಿಹಾಸ. ಘಟನೆ ಹುಡುಕುವ ಇತಿಹಾಸಕಾರನಿಗೆ ಇದರಲ್ಲಿ ಸಿಗುವುದು ಕಡಿಮೆ.

ಇದನ್ನು ತೆಲುಗು ನಾಡಿನ ಒಂಗೋಲಿನೊಂದಿಗೆ ಹೋಲಿಸಿದಾಗ ಮೆಕ್‌ಗ್ಯಾವ್ರನ್ನರ ಅಳತೆಗೋಲಿನ ಬಲವೂ ಮಿತಿಯೂ ಕಾಣುತ್ತವೆ. ಅಮೆರಿಕನ್ ಬ್ಯಾಪ್ಟಿಸ್ಟರ ತೆಲುಗು ಮಿಶನ್ ದಶಕಗಳ ಕಾಲ ಎಷ್ಟು ಸಣ್ಣದಾಗಿತ್ತೆಂದರೆ, ಅದನ್ನು ಮುಚ್ಚುವ ಮಾತು ಮತ್ತೆ ಮತ್ತೆ ಎದ್ದಿತು. ‘ಒಂಟಿ ನಕ್ಷತ್ರ’ ಎಂಬ ಹೆಸರೇ ಅದಕ್ಕೆ ಅಂಟಿತು. ಮುಂದೆ ಮಾದಿಗ ಸಮುದಾಯದ ಯೆರ್ರಗುಂಟ್ಲ ಪೇರಯ್ಯನಿಂದ ಚಳವಳಿ ಬೇರೂರಿತು. 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ ಪಡೆದರು. ಸಾಸಿವೆಯ ಜನಪ್ರಿಯ ಓದಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿನ ಮಿಶನರಿ ಜಾನ್ ಕ್ಲೌ ಕ್ಷಾಮ ಪರಿಹಾರದ ಕೆಲಸ ನಡೆಯುತ್ತಿದ್ದ ತಿಂಗಳುಗಳಲ್ಲಿ ದೀಕ್ಷಾಸ್ನಾನ ಕೊಡುವುದನ್ನೇ ನಿಲ್ಲಿಸಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಹಸಿವಿನಿಂದ ಹುಟ್ಟುವ ಎಣಿಕೆಯ ಅಪಾಯ ಅವರಿಗೆ ತಿಳಿದಿತ್ತು.

ಅದೇ 1876-78ರ ಕ್ಷಾಮ ಕಲಾದಗಿ ಜಿಲ್ಲೆಯನ್ನೂ ಬಡಿಯಿತು. ಇಂದಿನ ಬಾಗಲಕೋಟೆ, ವಿಜಯಪುರ ಪ್ರದೇಶಗಳಿದ್ದ ಆ ಜಿಲ್ಲೆಯ ಜನಸಂಖ್ಯೆ 1872 ಮತ್ತು 1881ರ ಗಣತಿಗಳ ನಡುವೆ ಸುಮಾರು ಐದನೇ ಒಂದು ಭಾಗ ಕುಗ್ಗಿತು. ಊರಿಗೆ ಊರೇ ಬರಿದಾದ ನೆಲದಲ್ಲಿ ಸಭೆಯ ಏರಿಳಿತವನ್ನು ನಂಬಿಕೆಯ ಏರಿಳಿತವೆಂದು ಓದುವುದು ಕಷ್ಟ. ಕ್ಷಾಮದಲ್ಲಿ ಅನಾಥರಾದ ಮಕ್ಕಳು ಮಿಶನ್ ಆಶ್ರಯಕ್ಕೆ ಬಂದರೆ ಎಣಿಕೆ ಏರುತ್ತದೆ. ನಂಬಿದವರು ಹೊಟ್ಟೆಪಾಡಿಗೆ ಗುಳೆ ಹೋದರೆ ಇಳಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಎಣಿಕೆ ಹೇಳುವುದು ಹಸಿವಿನ ಕಥೆಯನ್ನು. ಮೆಕ್‌ಗ್ಯಾವ್ರನ್ ಎಣಿಕೆಯನ್ನು ಕೇವಲ ಅಂಕಿಯಾಗಿ ಪೂಜಿಸಿದವರಲ್ಲ, ಸಮುದಾಯದ ಒಳಬಾಂಧವ್ಯಕ್ಕೆ ಅವರು ಕೊಟ್ಟ ಗೌರವ ನಿಜವಾದದ್ದು. ಹಾಗಿದ್ದರೂ ಸಣ್ಣ ಸಭೆಯ ಬಗ್ಗೆ ಅವರ ಚೌಕಟ್ಟಿನಲ್ಲಿ ಇರುವ ಒಂದೇ ಪ್ರಶ್ನೆ, ಅದು ಯಾಕೆ ನಿಂತುಹೋಯಿತು ಎಂಬುದು. ನಿಂತಿರುವುದೂ ಒಂದು ಕ್ರಿಯೆ ಎಂಬುದಕ್ಕೆ ಅಲ್ಲಿ ಸ್ಥಾನವಿಲ್ಲ.

ಆ ಕ್ರಿಯೆ ಪರೀಕ್ಷೆಗೆ ಒಳಗಾದದ್ದು ಮೊದಲ ಮಹಾಯುದ್ಧದಲ್ಲಿ. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. ಮಿಶನ್ನಿನ ಹಂಚು, ನೇಯ್ಗೆ ಕಾರ್ಖಾನೆಗಳು ಕೈತಪ್ಪಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಮಿಶನರಿಗಳಿಗೆ ಮರಳಲು ಅನುಮತಿ ಇರಲಿಲ್ಲ. ಮಿಶನ್ ಬಂಗಲೆಗೆ ಅಂಟಿಕೊಂಡ ಸಭೆ ಬಂಗಲೆ ಬರಿದಾದಾಗ ಕುಸಿಯಬೇಕಿತ್ತು. ಮೆಕ್‌ಗ್ಯಾವ್ರನ್ನರ ವಿಶ್ಲೇಷಣೆ ಸೂಚಿಸುವುದು ಅದನ್ನೇ. ಉತ್ತರ ಕರ್ನಾಟಕದ ಸಭೆಗಳು ಕುಸಿಯಲಿಲ್ಲ. ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು, ಬೈಬಲ್ ಓದಿ ಹೇಳುವ ಹೆಂಗಸರು ಇವರಿಂದ ಆರಾಧನೆ ನಡೆದುಕೊಂಡು ಬಂತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಈ ಭಾಗದ ಸಭೆಗಳೂ ಮುಂದೆ ಅದನ್ನು ಕೂಡಿಕೊಂಡು ಇಂದು ಧಾರವಾಡ ಕೇಂದ್ರವಾಗಿರುವ ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ.

ಇದರ ಹಿಂದೆ ಪಿಯೆಟಿಸಂನ ಇನ್ನೊಂದು ಮುಖವಿದೆ. ಬೆಂಗೆಲರಿಗೂ ಮೊದಲು, 1675ರಲ್ಲಿ, ಫಿಲಿಪ್ ಯಾಕೋಬ್ ಸ್ಪೇನರ್ ದೊಡ್ಡ ಸಭೆಯೊಳಗೆ ಭಕ್ತರ ಸಣ್ಣ ಕೂಟಗಳಿರಬೇಕೆಂದು ಬರೆದಿದ್ದರು: ಮನೆಯಲ್ಲಿ ಸೇರಿ ವೇದ ಓದುವುದು, ಒಬ್ಬರಿಗೊಬ್ಬರು ಬುದ್ಧಿ ಹೇಳುವುದು, ಪ್ರಾರ್ಥಿಸುವುದು. ವ್ಯುರ್ಟೆಂಬರ್ಗಿನ ಹಳ್ಳಿಗಳಲ್ಲಿ ಈ ಕೂಟಗಳು ಆಳವಾಗಿ ಬೇರುಬಿಟ್ಟವು. ಒಂದೇ ಪಂಥ ಕಾಲದ ಲೆಕ್ಕವನ್ನೂ ಕೊಟ್ಟಿತು, ಸಣ್ಣ ಕೂಟದ ಶಿಸ್ತನ್ನೂ ಕೊಟ್ಟಿತು. ಮಲ್ಲಸಮುದ್ರದಲ್ಲಿ ಮೊದಲನೆಯದು ಮೇಲುಗೈ ಪಡೆಯಿತು. ಗುಳೇದಗುಡ್ಡದಲ್ಲಿ ಎರಡನೆಯದು ಉಳಿಯಿತು. ಸಣ್ಣತನ ಇಲ್ಲಿ ಸೋಲಿನ ಉಳಿಕೆಯಾಗಿರಲಿಲ್ಲ; ಬದುಕುವುದಕ್ಕೆ ಕಲಿತ ಒಂದು ವಿಧಾನವಾಗಿತ್ತು.

ಇನ್ನೊಂದು ಅಂಶವನ್ನು ಎಚ್ಚರಿಕೆಯಿಂದ ಸೇರಿಸುತ್ತೇನೆ. ಈ ಸಭೆ ಬಾಳಿದ್ದು ಕೂಡಲಸಂಗಮದ ಸೀಮೆಯಲ್ಲಿ. ಅಂಗೈಯಲ್ಲಿ ಹಿಡಿಯುವ ಇಷ್ಟಲಿಂಗದಲ್ಲಿ ಬಯಲನ್ನೇ ಕಾಣುವ ಜನರ ನಡುವೆ, ದೊಡ್ಡದು ಸಣ್ಣದರಲ್ಲಿ ಪೂರ್ತಿಯಾಗಿ ಇರಬಲ್ಲದು ಎಂಬ ಮಾತಿಗೆ ವ್ಯಾಖ್ಯಾನ ಬೇಕಿರಲಿಲ್ಲ. ಲೂಕನ ಸಾಸಿವೆಯ ಮಾತು, ಕಾಳಿನಷ್ಟು ನಂಬಿಕೆ ಸಾಕೆಂಬುದು, ಈ ನೆಲದ ಕಿವಿಗೆ ಬೆಳವಣಿಗೆಯ ಮಾತಿಗಿಂತ ಹತ್ತಿರವಾಗಿ ಕೇಳಿಸಿರಬಹುದು. ಲಿಂಗತತ್ತ್ವ, ಕ್ರೈಸ್ತ ನಂಬಿಕೆ ಒಂದೇ ಎಂದು ಇದರಿಂದ ಹೇಳಲಾಗದು. ಎರಡರ ನೆಲೆ ಬೇರೆ, ಬಾಸೆಲ್ ಮಿಶನರಿಗಳೂ ತಮ್ಮ ಬರಹಗಳಲ್ಲಿ ಲಿಂಗಾಯತ ಧರ್ಮದೊಂದಿಗೆ ವಾದಕ್ಕೇ ಇಳಿದಿದ್ದರು. ಮಿಶನರಿಯ ವಾದ ಒಂದು ಕಡೆಯಿರಲಿ, ಕೇಳಿದ ಕನ್ನಡಿಗ ಅದನ್ನು ಯಾವ ಕಿವಿಯಿಂದ ಕೇಳಿದ ಎಂಬುದು ಬೇರೆಯೇ ಅಧ್ಯಯನ.

6. ಉಳಿದ ಪ್ರಶ್ನೆಗಳು

ಇಲ್ಲಿ ಸ್ಥಾಪಿಸಲು ಯತ್ನಿಸಿದ್ದು ಸೀಮಿತವಾದದ್ದು. ಸಾಸಿವೆಯ ಎರಡು ಮಾತುಗಳನ್ನು ಬೆಸೆದು ಎಣಿಕೆಯ ಬೆಳವಣಿಗೆಯನ್ನು ನಂಬಿಕೆಯ ಗುರುತಾಗಿಸುವುದಕ್ಕೆ ಪಠ್ಯದ ಆಧಾರವಿಲ್ಲ. ಯೆರೆಮಿಯಾಸರ ವೈದೃಶ್ಯದ ಓದು ಸರಿಯಾದ ತಿದ್ದುಪಡಿ, ಆದರೆ ನಡುಗಾಲವನ್ನು ಬಿಟ್ಟದ್ದರಿಂದ ಅಪೂರ್ಣ. ಮಲ್ಲಸಮುದ್ರದ ಪ್ರಯತ್ನವನ್ನು ಎರಡು ಕಾಲಜ್ಞಾನಗಳ ಭೇಟಿಯಾಗಿ ಓದುವುದು ಸಾಧ್ಯ. ಇದು ಸಾಧ್ಯತೆಯ ಮಟ್ಟದಲ್ಲೇ ನಿಲ್ಲುವ ಮಾತು. ಗುಳೇದಗುಡ್ಡದಂಥ ಸಭೆಗಳ ಬಾಳಿಕೆಯನ್ನು ವಿವರಿಸದ ಯಾವ ಬೆಳವಣಿಗೆಯ ಸಿದ್ಧಾಂತವೂ ಪೂರ್ಣವಲ್ಲ.

ಮುಂದೆ ನಡೆಯಬೇಕಾದ ಕೆಲಸ ಬಹಳವಿದೆ. ಬಾಸೆಲ್ಲಿನ ದಾಖಲೆಗಳಲ್ಲಿರುವ ಕಾಲಜ್ಞಾನದ ಉಲ್ಲೇಖಗಳನ್ನು ಕನ್ನಡದ ಕಾಲಜ್ಞಾನ ಹಸ್ತಪ್ರತಿಗಳೊಂದಿಗೆ ಪಕ್ಕಪಕ್ಕ ಇಟ್ಟು ನೋಡಿದರೆ, ಆ ಜನ ಯಾವ ಗುರುಪರಂಪರೆಯವರು ಎಂಬುದು ಸ್ಪಷ್ಟವಾದೀತು. ನನ್ನ ಸೂಚನೆ ನಿಲ್ಲುವುದೂ ಬೀಳುವುದೂ ಆ ಹೋಲಿಕೆಯ ಮೇಲೆ. ಜರ್ಮನ್ ಬಲ್ಲವರೂ ಹಳೆಯ ಹಸ್ತಪ್ರತಿ ಓದಬಲ್ಲವರೂ ಕೂಡಿ ಮಾಡಬೇಕಾದ ಕೆಲಸ ಅದು. ಯುದ್ಧಕಾಲದಲ್ಲಿ ಸಭೆಗಳನ್ನು ನಡೆಸಿದ ಉಪದೇಶಿಗಳ ಮತ್ತು ಹೆಂಗಸರ ಇತಿಹಾಸ ಸಭಾ ದಾಖಲೆ ಪುಸ್ತಕಗಳಲ್ಲಿ, ಮನೆತನದ ನೆನಪುಗಳಲ್ಲಿ ಚದುರಿದೆ. ನೆನಪಿಟ್ಟವರು ಇರುವಾಗಲೇ ಅದನ್ನು ಸಂಗ್ರಹಿಸಬೇಕು.

ಮೂರನೆಯ ಪ್ರಶ್ನೆ ಇಂದಿನದು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ದೊಡ್ಡ ಭಾಗ ತೆರವಾಗಿ, ಸೆಕ್ಟರುಗಳ ನಕ್ಷೆಯ ಮೇಲೆ ನವನಗರ ಎದ್ದಿತು. ಅಲ್ಲಿ ಗುಡಿ, ಮಠ, ಮಸೀದಿ, ಚರ್ಚು ಯಾವುದಕ್ಕೂ ತಲೆಮಾರುಗಳಿಂದ ಬಂದ ಜಾಗವಿರಲಿಲ್ಲ. ಎಲ್ಲ ಸಮುದಾಯಗಳೂ ತಮ್ಮ ಕೂಡುವಿಕೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಹಳೆಯ ಊರುಗಳ ಸಣ್ಣ ಸಭೆಗಳಿಂದ ಬಂದ ಕುಟುಂಬಗಳು ಹೊಸ ಊರಿನಲ್ಲಿ ಯಾವುದನ್ನು ಉಳಿಸಿಕೊಳ್ಳುತ್ತವೆ, ಬೆಳವಣಿಗೆಯ ಕನಸನ್ನೋ ಸಣ್ಣ ಕೂಟದ ಶಿಸ್ತನ್ನೋ, ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಸಮಾಜಶಾಸ್ತ್ರಜ್ಞರಿಗೂ ದೇವಶಾಸ್ತ್ರಜ್ಞರಿಗೂ ಇದೆ. ಇದಕ್ಕೆ ಉತ್ತರ ಸಿಗಲು ಒಂದು ತಲೆಮಾರು ಬೇಕಾದೀತು. ಅಲ್ಲಿಯವರೆಗೆ ಸಭೆಯ ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆಯನ್ನಷ್ಟೇ ನೋಡಿ ಯಾವ ತೀರ್ಪನ್ನೂ ಬರೆಯದಿರುವುದು ಇತಿಹಾಸಕಾರನಿಗೆ ಒಪ್ಪುವ ಸಂಯಮ.